ತೋಟಕ್ಕೆ ಟೆರಿಯರ್: ಹೆಗ್ಗಣಕ್ಕೆ ಸೈ, ರಾತ್ರಿ ಹುಷಾರ್!

ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಿಗೆ ಇಲಿ, ಹೆಗ್ಗಣದ ಕಾಟ ಹೊಸದಲ್ಲ. ಬದುವಿನಲ್ಲಿ ಬಿಲ, ಅಟ್ಟದಲ್ಲಿ ಕೊಬ್ಬರಿಗೆ ಹಲ್ಲು. ಇದಕ್ಕೆಂದೇ ನಾನು ತುಮಕೂರಿನಿಂದ ಜ್ಯಾಕ್ ರಸೆಲ್ ಟೆರಿಯರ್ ಮರಿ ತಂದೆ. ಈಗ ಅದಕ್ಕೆ ನಾಲ್ಕು ವರ್ಷ.

ಟೆರಿಯರ್ ಎಂಬ ಹೆಸರಿನ ಮೂಲ, 'ನೆಲ' ಎಂಬರ್ಥದ ಲ್ಯಾಟಿನ್ ಪದ. ಇಂಗ್ಲೆಂಡಿನಲ್ಲಿ ಬಿಲದೊಳಗಿನ ನರಿ ಎಬ್ಬಿಸಲು ಬೆಳೆಸಿದ ನಾಯಿ ಇದು. ಎತ್ತರ 10-12 ಅಂಗುಲ, ತೂಕ ಐದಾರು ಕಿಲೋ. ಗಾತ್ರ ಚಿಕ್ಕದು, ಧೈರ್ಯ ವಿಪರೀತ. ಹಾವು ಕಂಡರೂ ಹಿಂದೆ ಸರಿಯಲ್ಲ. ನೆಲ ಕೆರೆಯುವುದು ಹುಟ್ಟುಗುಣ, ಹೊಡೆದು ಬಿಡಿಸಲಾಗದು. ಎಳೆ ಸಸಿಯ ಬುಡಕ್ಕೆ ಮುಳ್ಳು ಹಾಕಿ. ನಾಟಿಕೋಳಿ ಸಾಕಿದವರು ಎರಡು ಸಲ ಯೋಚಿಸಿ. ತೆಂಗಿನ ಸುಳಿಯಲ್ಲಿ ಗೂಡು ಕಟ್ಟುವ ಇಲಿ ಮಾತ್ರ ಇದಕ್ಕೆ ಎಟುಕದು. ಅದಕ್ಕೆ ಮರಕ್ಕೆ ತಗಡಿನ ಪಟ್ಟಿಯೇ ಮದ್ದು.

ಮುದ್ದೆ, ಅನ್ನ, ಬೇಯಿಸಿದ ಮೊಟ್ಟೆ ಕೊಡುತ್ತೇನೆ, ದಿನಕ್ಕೆ ಎರಡು ಹೊತ್ತು. ಈರುಳ್ಳಿ ಬಿದ್ದ ಸಾರು ಬೇಡ, ಅದು ನಾಯಿಯ ರಕ್ತ ಕೆಡಿಸುತ್ತದೆ. ಉಣ್ಣೆಯಿಂದ ಜ್ವರ ಬರುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಬೇಕು.

ಇಲಿ ಹಿಡಿಯುವ ನಾಯಿಗೆ ಮೂರು ಎಚ್ಚರ ಬೇಕೇ ಬೇಕು:

1. ಲಸಿಕೆ: ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷಕ್ಕೊಮ್ಮೆ. ಜೊತೆಗೆ ಇಲಿಜ್ವರದ್ದೂ ಹಾಕಿಸಿ. ಇದು ಇಲಿಯ ಮೂತ್ರದಿಂದ ಹರಡುವ ರೋಗ, ನಾಯಿಯಿಂದ ನಮಗೂ ಬಂದೀತು. ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಪ್ರತಿ ವರ್ಷ.

2. ಇಲಿಪಾಷಾಣ: ನಾಯಿ ಇದ್ದಲ್ಲಿ ವಿಷ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದರೂ ಅಪಾಯ. ಜಿಂಕ್ ಫಾಸ್ಫೈಡ್‌ಗೆ ಪ್ರತಿಮದ್ದಿಲ್ಲ. ಹಾಲು ಕುಡಿಸುತ್ತಾ ಕೂರದೆ ಡಾಕ್ಟರ ಬಳಿ ಓಡಿ. ಬ್ರೊಮಾಡಿಯೊಲೋನ್ ಆದರೆ ಕೆಲ ದಿನ ಬಿಟ್ಟು ಒಳಗೇ ರಕ್ತಸ್ರಾವ. ಅದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ. ಆದ್ದರಿಂದ ವಿಷದ ಪ್ಯಾಕೆಟ್ ಜೊತೆಗೇ ಒಯ್ಯಿರಿ. ಪಕ್ಕದ ತೋಟದವರಿಗೂ ಮೊದಲೇ ಹೇಳಿಡಿ.

3. ಚಿರತೆ: 2019ರ ಕೊನೆ, 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲೂಕುಗಳಲ್ಲಿ ಚಿರತೆ ದಾಳಿಗೆ ಜನರೇ ಬಲಿಯಾದರು. ನಾಯಿ ಚಿರತೆಗೆ ಸುಲಭದ ತುತ್ತು. ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಕಾವಲಲ್ಲ, ಚಿರತೆಯನ್ನು ಬಾಗಿಲಿಗೇ ಕರೆಯುವ ಆಮಿಷ. ಮನೆಯಲ್ಲಿ ಮಕ್ಕಳಿದ್ದರಂತೂ ಇದು ಬೇಡವೇ ಬೇಡ. ಕತ್ತಲಾಗುವ ಮೊದಲೇ ನಾನು ಒಳಗೆ ಸೇರಿಸಿ ಅಗಳಿ ಹಾಕುತ್ತೇನೆ. ಬೊಗಳಿದರೂ ಬಾಗಿಲು ತೆಗೆಯಲ್ಲ. ಒಳಗೆ ಜಾಗ ಇಲ್ಲದವರು ಮೇಲೂ ಗಟ್ಟಿ ಕಬ್ಬಿಣದ ಜಾಲರಿ ಇರುವ ಗೂಡು ಮಾಡಿಸಿ.

ಹಗಲು ದುಡಿದ ನಾಯಿ ರಾತ್ರಿ ಒಳಗೆ ಮಲಗಲಿ. ಹದಿಮೂರು, ಹದಿನಾಲ್ಕು ವರ್ಷ ಬದುಕುವ ಜಾತಿ ಇದು. ಅಷ್ಟು ವರ್ಷ ಬಾಳಿಸುವುದು ನಮ್ಮ ಕೈಲಿದೆ.