ಮೊದಲು ರೇಡಿಯೇಟರ್, ಆಮೇಲೆ ತಂಪು

ಹಳೆಯ ಅಂಬಾಸಿಡರ್‌ಗೆ ಎಸಿ ಹಾಕಿಸುವವರಲ್ಲಿ ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಎಸಿ ಹಾಕಿಸಿದ್ದಕ್ಕಲ್ಲ, ಅದನ್ನು ಮೊದಲು ಹಾಕಿಸಿದ್ದಕ್ಕೆ. ಕಿಟ್‌ನ ಬೆಲೆ ಕೇಳುತ್ತಾರೆ, ಕೈಗೆಟಕುತ್ತದೆ ಅನ್ನಿಸುತ್ತದೆ, ಕೊಳ್ಳುತ್ತಾರೆ. ರೇಡಿಯೇಟರ್ ನೆನಪಾಗುವುದು ಸಿಗ್ನಲ್ಲಿನಲ್ಲಿ ಬಾನೆಟ್‌ನಿಂದ ಹಬೆ ಎದ್ದಾಗ. ಈ ತಪ್ಪಿಗೆ ದಂಡ ತೆತ್ತವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ: ಹಳೆಯ ಕಾರಿನಲ್ಲಿ ಎಸಿ ಎಂಬುದು ಬಿಡಿ ವಸ್ತುವಲ್ಲ, ಕಾರಿನ ಕೂಲಿಂಗ್ ವ್ಯವಸ್ಥೆಯ ಮೇಲೆ ಮಾಡುವ ಸಾಲ. ಸಾಲ ಮಾಡುವ ಮುನ್ನ ತೀರಿಸುವ ಶಕ್ತಿ ಇದೆಯೇ ಎಂದು ನೋಡಬೇಕು.

ಆ ಶಕ್ತಿಯನ್ನು ಅಳೆಯುವುದು ಕಷ್ಟವಲ್ಲ. ಎಸಿಯ ಕಂಡೆನ್ಸರ್ ಕೂರುವುದು ರೇಡಿಯೇಟರ್‌ನ ಮುಂದೆ. ಕ್ಯಾಬಿನ್ನಿನಿಂದ ಎಳೆದ ಬಿಸಿಯ ಜೊತೆಗೆ ಕಂಪ್ರೆಸರ್ ಮಾಡಿದ ಕೆಲಸದ ಬಿಸಿಯನ್ನೂ ಅದು ಗಾಳಿಗೆ ಸುರಿಯುತ್ತದೆ. ರೇಡಿಯೇಟರ್‌ಗೆ ಸಿಗುವುದು ಆ ಗಾಳಿಯೇ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಕೂಲಂಟ್ 90 ಡಿಗ್ರಿ ಅಂದುಕೊಳ್ಳಿ. ನಡುವಿನ ಅಂತರ 50. ಕಂಡೆನ್ಸರ್ ದಾಟಿದ ಗಾಳಿ 12 ಡಿಗ್ರಿ ಬಿಸಿಯಾದರೂ ಅಂತರ 38ಕ್ಕೆ ಇಳಿಯುತ್ತದೆ. ರೇಡಿಯೇಟರ್ ಹೊರಹಾಕುವ ಬಿಸಿ ಈ ಅಂತರವನ್ನೇ ಅವಲಂಬಿಸಿರುವುದರಿಂದ ಅದರ ಸಾಮರ್ಥ್ಯದ ಸುಮಾರು ಕಾಲು ಭಾಗ ಹೋಯಿತು. ಗಾಳಿಗೆ ಎದುರಾದ ಹೊಸ ಅಡ್ಡಿ, ಕಂಪ್ರೆಸರ್ ಎಳೆಯಲು ಎಂಜಿನ್ ಪಡುವ ಹೆಚ್ಚಿನ ಶ್ರಮ ಇದರಲ್ಲಿ ಸೇರಿಲ್ಲ. ಹಳೆಯ ಅಂಬಾಸಿಡರ್‌ನ 1489 ಸಿಸಿ ಎಂಜಿನ್‌ನ ಫ್ಯಾನು ತಿರುಗುವುದು ಬೆಲ್ಟಿನಿಂದ. ಟ್ರಾಫಿಕ್ಕಿನಲ್ಲಿ ನಿಂತಾಗ ಅದೂ ನಿಧಾನ. ಒಳಗೆ ದಶಕಗಳ ಕಿಟ್ಟ ಕಟ್ಟಿದ ರೇಡಿಯೇಟರ್ ಕೋರ್ ಈ ಭಾರ ಹೊರುತ್ತದೆ ಎಂದು ನಂಬಿ ದುಡ್ಡು ಹಾಕುವುದು ಮೂಗಿಗಿಂತ ಮೂಗುತಿ ಭಾರ ಮಾಡಿಕೊಂಡಂತೆ.

ಈಗ ರೂಪಾಯಿಗೆ ಬರೋಣ. ದರ ಊರಿಂದೂರಿಗೆ ಬೇರೆ, ಆದ್ದರಿಂದ ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ನಿಮ್ಮ ಗ್ಯಾರೇಜಿನ ಅಂಕಿ ಹಾಕಿಕೊಳ್ಳಿ. ಕಿಟ್‌ಗೆ 45,000. ರೇಡಿಯೇಟರ್‌ಗೆ ಹೊಸ ಕೋರ್ 18,000. ಡೈನಮೋ ತೆಗೆದು ಆಲ್ಟರ್ನೇಟರ್, ರಿಲೇ, ವೈರಿಂಗ್ 15,000. ಎಲೆಕ್ಟ್ರಿಕ್ ಫ್ಯಾನು, ಶ್ರೌಡ್ 12,000. ವಾಟರ್ ಪಂಪು, ಹೋಸು 8,000. ಕೂಲಿ, ಗ್ಯಾಸು 22,000. ಒಟ್ಟು 1,20,000. ಕಿಟ್‌ನ ಬೆಲೆ ಇದರಲ್ಲಿ ಅರ್ಧವೂ ಇಲ್ಲ. ಕಾರು ವರ್ಷಕ್ಕೆ 1,500 ಕಿಲೋಮೀಟರ್, ಗಂಟೆಗೆ ಸರಾಸರಿ 30ರಂತೆ ಓಡಿದರೆ 50 ಗಂಟೆ. ಅದರಲ್ಲಿ ಎಸಿ ನಿಜವಾಗಿ ಬೇಕಾಗುವುದು 30 ಗಂಟೆ ಎನ್ನಿ. ವ್ಯವಸ್ಥೆ 6 ವರ್ಷ ಬಾಳಿದರೆ ವರ್ಷಕ್ಕೆ ಸವಕಳಿ 20,000. ಮೂಲಧನ ಕರಗುತ್ತ ಹೋಗುವುದರಿಂದ ಅದರ ಅರ್ಧಕ್ಕೆ ಮಾತ್ರ 7%ರಂತೆ ಬಡ್ಡಿ ಹಿಡಿದರೆ 4,200. ಗ್ಯಾಸು, ಸರ್ವಿಸಿಗೆ 4,800. ವರ್ಷಕ್ಕೆ 29,000, ಅಂದರೆ ತಂಪಿನ ಒಂದು ಗಂಟೆಗೆ ಸುಮಾರು 967 ರೂಪಾಯಿ. ಅದೇ 18,000ದ ಕೋರ್ 10 ವರ್ಷ ಬಾಳಿದರೆ, ಎಸಿ ಇರಲಿ ಬಿಡಲಿ, ಕಾರು ಓಡುವ ಪ್ರತಿ ಗಂಟೆಗೂ ಕೆಲಸ ಮಾಡುತ್ತದೆ: ಸವಕಳಿ ಗಂಟೆಗೆ 36 ರೂಪಾಯಿ. ಯಾವ ಖರ್ಚು ಮೊದಲು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಸುಖವನ್ನು ಗಂಟೆಯ ಲೆಕ್ಕದಲ್ಲಿ ಅಳೆಯಬಾರದು ಎನ್ನುವವರಿದ್ದಾರೆ. ಸೆಕೆಯಿಂದಾಗಿ ಮನೆಯ ಹಿರಿಯರು ಹತ್ತಲೊಲ್ಲದ ಕಾರು ಷೆಡ್ಡಿನಲ್ಲೇ ಕೊಳೆಯುವುದಾದರೆ ಆ ಮಾತು ನ್ಯಾಯವೇ. 967 ರೂಪಾಯಿ ತಿಳಿದೇ ಕೊಡುವುದಾದರೆ ಕೊಡಿ. ದೊಡ್ಡ ಫ್ಯಾನು ಹಾಕಿದರೆ ಸಾಕು, ರೇಡಿಯೇಟರ್ ಬೇಡ ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಫ್ಯಾನು ಗಾಳಿಯನ್ನು ಹೆಚ್ಚಿಸೀತು. ಒಳಗೆ ಮುಚ್ಚಿದ ಕೊಳವೆಯಲ್ಲಿ ನೀರು ಹರಿಸಲಾರದು. ಹಳೆಯ ಡೈನಮೋ 20-22 ಆಂಪ್‌ ಕೊಡುವಲ್ಲಿ ಹೆಡ್‌ಲೈಟು, ಬ್ಲೋವರು, ಫ್ಯಾನು, ಕಂಪ್ರೆಸರ್ ಕ್ಲಚ್ಚು ಸೇರಿ 30 ದಾಟಿದರೆ ರಾತ್ರಿ ಪ್ರಯಾಣದಲ್ಲಿ ಸಾಯುವುದು ಬ್ಯಾಟರಿ. ಮೂಲ ಸ್ವರೂಪ ಕೆಡುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಾದರೆ ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆ ದಾರಿಯ ಆಸೆ ಇದ್ದವರು ಕಂಡೆನ್ಸರ್ ಕೂರಿಸಲು ಮುಂಭಾಗದ ತಗಡು ಕತ್ತರಿಸಲು ಒಪ್ಪಲೇಬಾರದು. ಈಗಿರುವ ಬೋಲ್ಟಿನ ತೂತುಗಳಿಗೇ ಬ್ರಾಕೆಟ್ ಮಾಡಿಸಬೇಕು.

ಎಲ್ಲ ಕಾರಿಗೂ ಹೊಂದುತ್ತದೆ ಎನ್ನುವ ಯೂನಿವರ್ಸಲ್ ಕಿಟ್ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಎಲ್ಲಕ್ಕೂ ಹೊಂದುವುದು ಯಾವುದಕ್ಕೂ ಸರಿಯಾಗಿ ಹೊಂದುವುದಿಲ್ಲ. ರೇಡಿಯೇಟರ್‌ನ ಅಗಲಕ್ಕೆ ತಾಳೆಯಾಗದ ಕಂಡೆನ್ಸರ್, ಕೋರ್‌ನ ನಡುವೆಯೇ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಟೈ, ರಿಲೇ ಇಲ್ಲದ ಫ್ಯಾನು. ಆ ಟೈ ಉಜ್ಜಿ ಉಜ್ಜಿ ತೂತು ಮಾಡುವುದು ನೀವು ಈಗಷ್ಟೇ ದುಡ್ಡು ಕೊಟ್ಟು ಹಾಕಿಸಿದ ಕೋರ್ ಅನ್ನೇ. ಎಸಿಗೆ ತುಂಬುವ ಆರ್-134ಎ ಗ್ಯಾಸು ಸೆಕೆಯಲ್ಲಿ ಹಳೆಯ ಆರ್-12ಗಿಂತ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಪ್ಯಾರಲಲ್ ಫ್ಲೋ ಕಂಡೆನ್ಸರ್ ಒಳ್ಳೆಯದು. ಕಂಡೆನ್ಸರ್‌ನ ಅಳತೆ ಬರೆಯದ ಕೊಟೇಶನ್ನಿಗೆ ಮುಂಗಡ ಕೊಡಬೇಡಿ.

ಹಳೆಯ ಕಾರಿನ ಖರ್ಚು ಕೈಮೀರುವುದು ಬೆಲೆಯಿಂದಲ್ಲ, ಕ್ರಮ ತಪ್ಪುವುದರಿಂದ. ಮೊದಲು ರೇಡಿಯೇಟರ್ ಬಿಚ್ಚಿಸಿ ಕೋರ್ ಬದಲಿಸಿ. ಒಂದು ಇಡೀ ಬೇಸಿಗೆ ಎಸಿ ಇಲ್ಲದೆ ಓಡಿಸಿ, ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಪುಸ್ತಕದಲ್ಲಿ ಬರೆದಿಡಿ. ಆ ವರ್ಷ ತಿಂಗಳಿಗೆ ಇಷ್ಟೆಂದು ಆರ್‌ಡಿ ಕಟ್ಟಿ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ತಂಪು ಕೊಳ್ಳಬೇಡಿ. ಹೊಸದಾಗಿ ಕೂರಿಸಿದ್ದನ್ನು ವಿಮಾ ಪಾಲಿಸಿಯಲ್ಲಿ ಬರೆಸಿ, ಬಿಚ್ಚಿದ ಹಳೆಯ ಭಾಗವನ್ನು ಗುಜರಿಗೆ ಹಾಕದೆ ಕಟ್ಟಿಡಿ. ಮುಂದಿನ ಬೇಸಿಗೆಗೂ ಮುಳ್ಳು ಕದಲದಿದ್ದರೆ ಆಗ ಕಿಟ್‌ನ ಬೆಲೆ ಕೇಳಿ. ಅಷ್ಟರಲ್ಲಿ ಎಸಿಯ ಆಸೆ ಹೋಗಿದ್ದರೂ ನಷ್ಟವಿಲ್ಲ. ರೇಡಿಯೇಟರ್‌ಗೆ ಹಾಕಿದ ದುಡ್ಡು ಕಾರಿನಲ್ಲೇ ಇರುತ್ತದೆ.