ತಾಯಿಯ ಅಲ್ಪ ವ್ಯಾಧಿಯೂ ಶಿಶುವಿನ ಮಿದುಳೂ

ರೋಗವು ಎಷ್ಟು ಉಗ್ರವೋ ಅದರಿಂದಾಗುವ ಹಾನಿಯೂ ಅಷ್ಟೇ ಉಗ್ರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆಯು ಎಲ್ಲೆಡೆಯೂ ಸಲ್ಲದೆಂಬುದಕ್ಕೆ ರುಬೆಲ್ಲಾ ರೋಗವೇ ನಿದರ್ಶನ. ಜರ್ಮನ್ ದಡಾರವೆಂದೂ ಕರೆಯಲ್ಪಡುವ ಈ ವೈರಸ್ ರೋಗವು ತಗುಲಿದವರಿಗೆ ಸ್ವಲ್ಪ ಜ್ವರ, ಮೈಮೇಲೆ ಮೂರು ದಿನ ನಿಲ್ಲುವ ಕೆಂಪು ದದ್ದು, ಕಿವಿಯ ಹಿಂದೆ ಸಣ್ಣ ಗಂಟುಗಳು ಕಾಣಿಸಿಕೊಂಡು ತಾವಾಗಿಯೇ ಮಾಯವಾಗುತ್ತವೆ. ಅನೇಕರಿಗೆ ರೋಗ ಬಂದು ಹೋದುದೇ ತಿಳಿಯುವುದಿಲ್ಲ. ಆದರೆ ಗರ್ಭಿಣಿಗೆ ಇದು ತಗುಲಿದಾಗ ಕಥೆಯೇ ಬೇರೆ.

೧೯೪೦ರಲ್ಲಿ ಆಸ್ಟ್ರೇಲಿಯದಲ್ಲಿ ರುಬೆಲ್ಲಾ ವ್ಯಾಪಕವಾಗಿ ಹರಡಿತ್ತು. ಮರುವರ್ಷ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರು, ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯುಳ್ಳ ಶಿಶುಗಳು ಅಸಾಧಾರಣ ಸಂಖ್ಯೆಯಲ್ಲಿ ಬರುತ್ತಿರುವುದನ್ನು ಗಮನಿಸಿದರು. ಅಂತಹ ೭೮ ಶಿಶುಗಳ ವಿವರಗಳನ್ನು ಸಂಗ್ರಹಿಸಿ ವಿಚಾರಿಸಲಾಗಿ, ೬೮ ತಾಯಂದಿರಿಗೆ ಗರ್ಭಕಾಲದಲ್ಲಿ ಈ ರೋಗ ಬಂದಿದ್ದುದು ತಿಳಿಯಿತು. ಅನಂತರದ ಪರಿಶೀಲನೆಗಳಿಂದ ಕಿವುಡುತನ, ಹೃದಯದ ದೋಷ, ಮಿದುಳಿನ ಕುಂಠಿತ ಬೆಳವಣಿಗೆ ಇವೂ ಅದೇ ಮೂಲದಿಂದ ಉಂಟಾಗುವುದು ಸ್ಪಷ್ಟವಾಯಿತು.

ಇದು ಸಂಭವಿಸುವ ಬಗೆಯನ್ನು ನೋಡೋಣ. ತಾಯಿಯ ರಕ್ತದಲ್ಲಿರುವ ವೈರಸ್ಸು, ಜನರು ಮಾಸು ಎನ್ನುವ ಜರಾಯುವನ್ನು ದಾಟಿ ಭ್ರೂಣವನ್ನು ಸೇರುತ್ತದೆ. ಮೊದಲ ಹನ್ನೆರಡು ವಾರಗಳಲ್ಲಿ ಮಿದುಳು, ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುತ್ತಿರುತ್ತವೆ. ಜೀವಕೋಶಗಳು ಎಡೆಬಿಡದೆ ವಿಭಜನೆಗೊಳ್ಳುತ್ತಿರುತ್ತವೆ. ವೈರಸ್ಸು ಈ ವಿಭಜನೆಯನ್ನು ಮಂದಗೊಳಿಸುವುದಲ್ಲದೆ ಸೂಕ್ಷ್ಮ ರಕ್ತನಾಳಗಳ ಒಳಪದರವನ್ನೂ ಕೆಡಿಸುತ್ತದೆ. ಪೋಷಣೆ ದೊರೆಯದೆ ಮಿದುಳಿನ ಭಾಗಗಳು ನಶಿಸುತ್ತವೆ. ಕೆಲವು ಶಿಶುಗಳ ತಲೆಯು ಚಿಕ್ಕದಾಗಿಯೇ ಉಳಿಯುತ್ತದೆ. ಈ ಅವಧಿಯಲ್ಲಿ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತರವರೆಗೂ ಶಿಶುಗಳಿಗೆ ಹಾನಿಯಾಗಬಹುದು. ಇಪ್ಪತ್ತು ವಾರಗಳು ಕಳೆದ ಮೇಲೆ ಹಾನಿ ಅಪರೂಪ.

೧೯೬೪-೬೫ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪಿಡುಗು ಹರಡಿದಾಗ ಸುಮಾರು ೨೦,೦೦೦ ಶಿಶುಗಳು ಇಂತಹ ದೋಷಗಳೊಡನೆ ಜನಿಸಿದವು. ಸುಮಾರು ೧,೮೦೦ ಶಿಶುಗಳ ಬುದ್ಧಿಯ ಬೆಳವಣಿಗೆಯು ಕುಂಠಿತವಾಯಿತೆಂದು ಅಂದಾಜು.

ಕಣ್ಣಿನ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು, ಕಿವಿಗೆ ಶ್ರವಣಯಂತ್ರವನ್ನಿಡಬಹುದು, ಬೇಗನೆ ಆರಂಭಿಸಿದ ವಿಶೇಷ ಶಿಕ್ಷಣವು ಮಗುವಿಗೆ ಬಹಳ ನೆರವಾಗುತ್ತದೆ. ಆದರೆ ನಷ್ಟವಾದ ಮಿದುಳನ್ನು ಮರಳಿ ಕೊಡುವ ಔಷಧವಿಲ್ಲ. ಆದುದರಿಂದ ನಿವಾರಣೆಯೇ ಮುಖ್ಯ. ೧೯೬೨ರಲ್ಲಿ ವಿಜ್ಞಾನಿಗಳು ಈ ವೈರಸ್ಸನ್ನು ಪ್ರತ್ಯೇಕಿಸಿದರು. ೧೯೬೯ರಲ್ಲಿ ಅಮೆರಿಕದಲ್ಲಿ ಲಸಿಕೆಯು ಬಳಕೆಗೆ ಬಂದಿತು. ಭಾರತದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಪ್ರದೇಶಗಳಲ್ಲಿ, ೨೦೧೮ರ ನವೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ, ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯನ್ನು ಹಾಕುವ ಕಾರ್ಯವು ಆರಂಭವಾಯಿತು.

ಗರ್ಭಿಣಿಯರಿಗೆ ಈ ಲಸಿಕೆಯನ್ನು ಕೊಡುವಂತಿಲ್ಲ. ಅವರನ್ನು ಕಾಯುವ ಹೊಣೆ ಸುತ್ತಲಿನವರದು. ಹುಡುಗರಿಗೇಕೆ ಈ ಲಸಿಕೆ ಎಂದು ಕೆಲವರು ಕೇಳುವುದುಂಟು. ರೋಗವನ್ನು ಶಾಲೆಯಿಂದ ಮನೆಗೆ ತರುವವರಲ್ಲಿ ಹುಡುಗರೂ ಇರುವರಷ್ಟೆ! ವಿದ್ಯಾರ್ಥಿಮಿತ್ರರು ತಮ್ಮ ಮನೆಯ, ನೆರೆಹೊರೆಯ ಹಸುಗೂಸುಗಳಿಗೆ ಒಂಬತ್ತು ತಿಂಗಳು ತುಂಬಿದಾಗಲೂ ಮರುವರ್ಷವೂ ಲಸಿಕೆ ಹಾಕಿಸಿದ್ದಾರೆಯೇ ಎಂದು ವಿಚಾರಿಸಿದರೆ, ಈ ಪಾಠವನ್ನು ಓದಿದ್ದು ಸಾರ್ಥಕವಾದೀತು.