ಎತ್ತಲಾಗದ ಬೈಕು ಬೇಡ: ಎಲೆಕ್ಟ್ರಿಕ್ ಡರ್ಟ್ ಬೈಕ್ ಕೊಳ್ಳುವವರಿಗೆ ಒಂಬತ್ತು ಸೂತ್ರಗಳು

ಎಲೆಕ್ಟ್ರಿಕ್ ಡರ್ಟ್ ಬೈಕ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಪವರ್ ಎಷ್ಟು?" ಅಂತ. ತೂಕದ ಮಾತು ಬರುವುದು ಬೈಕು ಮನೆಗೆ ಬಂದು, ಒಂದು ಸಲ ಮಗುಚಿ ಬಿದ್ದ ಮೇಲೆ. ಕೇಳಬೇಕಾದ ಕ್ರಮ ಇದರ ಉಲ್ಟಾ. ಪವರ್ ಜಾಸ್ತಿ ಎನಿಸಿದರೆ ಒಂದು ಬಟನ್ ಒತ್ತಿ ಇಳಿಸಿಕೊಳ್ಳಬಹುದು. ಕೆಜಿ ಇಳಿಸುವ ಬಟನ್ ಯಾವ ಬೈಕಿನಲ್ಲೂ ಇಲ್ಲ.

ಎದುರಿಗಿರುವ ಆಯ್ಕೆಗಳ ಅಂದಾಜು ಹೀಗಿದೆ. ಚೀನಾದ ಸರ್-ರಾನ್ ಕಂಪನಿಯ ಲೈಟ್ ಬೀ ಸುಮಾರು 55 ಕೆಜಿ, ಪೀಕ್ ಪವರ್ 6 ಕಿಲೋವ್ಯಾಟ್ ಆಸುಪಾಸು. ಅದರ ಅಣ್ಣ ಅಲ್ಟ್ರಾ ಬೀ 85 ಕೆಜಿ ದಾಟುತ್ತದೆ, ಪವರ್ 12.5 ಕಿಲೋವ್ಯಾಟ್. ಸ್ಪೇನಿನ ಸ್ಟಾರ್ಕ್ ವಾರ್ಗ್ 110 ಕೆಜಿಗೂ ಮೇಲೆ, 80 ಎಚ್‌ಪಿ ವರೆಗೆ, ಅಂದರೆ ಸುಮಾರು 60 ಕಿಲೋವ್ಯಾಟ್. ನಮ್ಮ ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ಶಾಕ್‌ವೇವ್ 120 ಕೆಜಿ, ಆದರೆ 14.5 ಎಚ್‌ಪಿ ಮಾತ್ರ. ತೂಕ ಹೆಚ್ಚಾದರೆ ಪವರ್ ತಾನಾಗಿ ಹೆಚ್ಚುತ್ತದೆ ಎಂದುಕೊಂಡವರು ಕೊನೆಯ ಎರಡು ಬೈಕುಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ.

1. ಓಡಿಸುವ ಮೊದಲು ಎತ್ತಿ ನೋಡಿ

ಶೋರೂಮಿನಲ್ಲಿ ಸೀಟಿನ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದು ಪರೀಕ್ಷೆಯಲ್ಲ. ನೆಲಕ್ಕೆ ಒಂದು ಗೋಣಿಚೀಲ ಹಾಸಿಸಿ, ಬೈಕನ್ನು ಪಕ್ಕಕ್ಕೆ ಮಲಗಿಸಲು ಹೇಳಿ, ನೀವೊಬ್ಬರೇ ಎತ್ತಿ ನಿಲ್ಲಿಸಿ. ಕೆಳಗಿನ ಹ್ಯಾಂಡಲ್ ತುದಿ ಒಂದು ಕೈಯಲ್ಲಿ, ಸೀಟಿನ ಕೆಳಗಿನ ಫ್ರೇಮು ಇನ್ನೊಂದು ಕೈಯಲ್ಲಿ, ಬೆನ್ನು ನೆಟ್ಟಗೆ, ಬಲವೆಲ್ಲ ಮಂಡಿಯಿಂದ. ಕೈ ಹಾಕುವ ಮುನ್ನ ಸ್ವಿಚ್ ಆಫ್ ಮಾಡಲೇಬೇಕು. ಪೆಟ್ರೋಲ್ ಬೈಕ್ ಆನ್ ಇದ್ದರೆ ಗುಡುಗುಡು ಅನ್ನುತ್ತದೆ. ಇದು ತೆಪ್ಪಗೆ ಬಿದ್ದಿರುತ್ತದೆ. ಎತ್ತುವ ಭರದಲ್ಲಿ ಆಕ್ಸಿಲರೇಟರ್ ಗ್ರಿಪ್ ತಿರುಗಿತೋ, ಬೈಕು ನಿಮ್ಮನ್ನು ಬಿಟ್ಟು ಮುಂದೆ ನೆಗೆಯುತ್ತದೆ.

ಈಗ ಅದೇ ಕೆಲಸವನ್ನು ಜುಲೈ ತಿಂಗಳ ಮಲೆನಾಡಿನ ಕೆಮ್ಮಣ್ಣಿನ ಇಳಿಜಾರಿನಲ್ಲಿ ಊಹಿಸಿಕೊಳ್ಳಿ. ಕಾಲಿಟ್ಟಲ್ಲಿ ಜಾರುತ್ತದೆ, ಚಕ್ರಗಳು ಏರಿನ ಕಡೆಗೆ, ಹ್ಯಾಂಡಲ್ ಅಗಳಿನ ಕಡೆಗೆ. ಮೊದಲು ಹಿಂಭಾಗ ಎಳೆದು ಬೈಕನ್ನು ತಿರುಗಿಸಿಕೊಳ್ಳಬೇಕು. 55 ಕೆಜಿ ಹೇಗೋ ತಿರುಗುತ್ತದೆ. 110 ಕೆಜಿ ನಿಮ್ಮನ್ನೇ ತಿರುಗಿಸುತ್ತದೆ. ಹೊಸಬರು ಬೀಳುವುದು ಒಂದು ಸಲವಲ್ಲ. ಸಂಜೆಯ ಹೊತ್ತಿಗೆ ಸುಸ್ತಾಗುವುದು ಓಡಿಸಿದ್ದಕ್ಕಲ್ಲ, ಎತ್ತಿದ್ದಕ್ಕೆ.

2. ನಿಮ್ಮ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ

ಕರಪತ್ರದ ಅಂಕಿಗಳಲ್ಲಿ ಸವಾರ ಇರುವುದೇ ಇಲ್ಲ. 70 ಕೆಜಿಯವರು ಲೈಟ್ ಬೀ ಹತ್ತಿದರೆ ಒಟ್ಟು 125 ಕೆಜಿ, ಅಂದರೆ ಕೆಜಿಗೆ 48 ವ್ಯಾಟ್. 95 ಕೆಜಿಯವರು ಹತ್ತಿದರೆ ಅದು 40ಕ್ಕೆ ಇಳಿಯುತ್ತದೆ. ಅವರೇ ಅಲ್ಟ್ರಾ ಬೀ ಹತ್ತಿದರೆ 69. ಹಾಗಾಗಿ ದಪ್ಪ ಮೈಯವರಿಗೆ ನಡುಗಾತ್ರದ ಬೈಕು ಐಷಾರಾಮವಲ್ಲ, ಅಗತ್ಯ. ತೆಳ್ಳಗಿನವರಿಗೆ ಅದೇ ಬೈಕು ಬರೀ ಭಾರ.

3. ಏರಿಗೆ ಬೇಕಾದ ಪವರ್ ನೀವಂದುಕೊಂಡಷ್ಟಲ್ಲ

"ನಮ್ಮ ತೋಟದ ಏರು ಭಯಂಕರ, ದೊಡ್ಡ ಮೋಟಾರೇ ಬೇಕು" ಎನ್ನುವವರಿಗೆ ಒಂದು ಶಾಲೆಯ ಲೆಕ್ಕ. ನೂರು ಅಡಿಗೆ ಮೂವತ್ತು ಅಡಿ ಏರುವ ದಾರಿ, ಜೀಪೂ ಏದುಸಿರು ಬಿಡುವಂಥದ್ದು. ಬೈಕು, ಸವಾರ ಸೇರಿ 125 ಕೆಜಿಯನ್ನು ಅಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಮೇಲೆತ್ತಲು ಬೇಕಾಗುವುದು ಒಂದೂವರೆ ಕಿಲೋವ್ಯಾಟ್. ಮಣ್ಣಿನ ಎಳೆತ, ಚೈನಿನ ನಷ್ಟ ಎಲ್ಲ ಸೇರಿಸಿ ಎರಡು ಎರಡೂವರೆ ಎನ್ನಿ. ಸಣ್ಣ ಬೈಕಿನ ಬಳಿಯೂ ಅದಕ್ಕಿಂತ ಹೆಚ್ಚಿದೆ. ಅಲ್ಲಿ ಸೋಲುವುದು ಮೋಟಾರಲ್ಲ, ಹಿಂದಿನ ಟೈರು. ಹಿಡಿತವಿಲ್ಲದ ಟೈರಿಗೆ ಇನ್ನಷ್ಟು ಪವರ್ ಕೊಟ್ಟರೆ ಅದು ಅಲ್ಲೇ ಸುತ್ತುತ್ತಾ ಗುಂಡಿ ತೋಡುತ್ತದೆ, ಅಷ್ಟೆ.

4. ಪೀಕ್ ಪವರ್ ಜಾಹೀರಾತಿಗೆ. ನಿರಂತರ ಪವರ್ ನಿಮಗೆ

ಪೀಕ್ ಎಂದರೆ ಕೆಲವೇ ಸೆಕೆಂಡು ಸಿಗುವ ಜೋರು. ಉದ್ದದ ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಗಾಳಿ ಸಾಲದೆ ಮೋಟಾರು, ಕಂಟ್ರೋಲರ್ ಕಾದು, ತಮ್ಮನ್ನು ಉಳಿಸಿಕೊಳ್ಳಲು ತಾವೇ ಪವರ್ ಇಳಿಸುತ್ತವೆ. ಮಾರುವವರನ್ನು "ನಿರಂತರ ಪವರ್ ಎಷ್ಟು?" ಎಂದು ಕೇಳಿ. ಉತ್ತರ ಬರದಿದ್ದರೆ ಮುಂದಿನ ಅಂಗಡಿ ನೋಡಿ.

5. ದೊಡ್ಡದನ್ನು ಕೊಳ್ಳುವುದಾದರೆ ಸಸ್ಪೆನ್ಷನ್‌ಗಾಗಿ ಕೊಳ್ಳಿ

ಹಗುರ ಬೈಕಿನ ಪರ ಇಷ್ಟು ಮಾತಾಡಿದ ಮೇಲೆ ಇನ್ನೊಂದು ಪಕ್ಷಕ್ಕೂ ನ್ಯಾಯ ಸಿಗಬೇಕು. ಹೆಚ್ಚುವರಿ ಮೂವತ್ತು ಕೆಜಿಯಲ್ಲಿ ಬರುವುದು ಬರೀ ಮೋಟಾರಲ್ಲ. ಉದ್ದದ ಫೋರ್ಕು, ಗಟ್ಟಿ ಫ್ರೇಮು, ದಪ್ಪ ಟೈರು, ದೊಡ್ಡ ಬ್ಯಾಟರಿ ಎಲ್ಲ ಜೊತೆಗೇ ಬರುತ್ತವೆ. ಲೈಟ್ ಬೀಗೆ ಎರಡೂ ಕಡೆ 19 ಇಂಚಿನ ಚಕ್ರ, ಟೈರು ತೆಳ್ಳಗೆ. ದೊಡ್ಡವರ ಮೋಟೋಕ್ರಾಸ್ ಬೈಕಿನ ಮುಂದಿನ ಚಕ್ರ 21 ಇಂಚು. ಕಲ್ಲು, ಬೇರು, ಕೊರಕಲುಗಳ ಮೇಲೆ ದೊಡ್ಡ ಚಕ್ರ ಉರುಳಿ ದಾಟುತ್ತದೆ. ಸಣ್ಣದು ಒಳಗಿಳಿದು ಮುಗ್ಗರಿಸುತ್ತದೆ. ಗಂಟೆಗೆ 50 ಕಿ.ಮೀ. ದಾಟಿ ಕಲ್ಲುನೆಲದಲ್ಲಿ ಹೋಗುವವರು, ಜಂಪ್ ಹೊಡೆಯುವವರು ಹಗುರ ಬೈಕಿಗೆ ಜೋತುಬೀಳಬಾರದು. ಆ ವೇಗದಲ್ಲಿ ಅದು ಕೈಯಲ್ಲಿ ನಿಲ್ಲುವುದಿಲ್ಲ.

ಒಂದು ಎಚ್ಚರ: ಸಸ್ಪೆನ್ಷನ್ ಉದ್ದವಾದಂತೆ ಸೀಟೂ ಮೇಲೇರುತ್ತದೆ. ಲೈಟ್ ಬೀ ಸೀಟು ಸುಮಾರು 83 ಸೆಂ.ಮೀ., ಅಲ್ಟ್ರಾ ಬೀಯದು 91ರ ಹತ್ತಿರ. ಐದೂಕಾಲು ಅಡಿ ಎತ್ತರದವರಿಗೆ ಈ ಎಂಟು ಸೆಂಟಿಮೀಟರೇ ತೀರ್ಮಾನ ಮಾಡಿಬಿಡುತ್ತದೆ.

6. ಕ್ಲಚ್ ಇಲ್ಲ ಎಂಬುದು ನೆನಪಿರಲಿ

ಪೆಟ್ರೋಲ್ ಬೈಕಿನಲ್ಲಿ ಗಾಬರಿಯಾದರೆ ಎಡಗೈ ತಾನಾಗಿ ಕ್ಲಚ್ ಹಿಡಿಯುತ್ತದೆ, ಚಕ್ರಕ್ಕೆ ಬಲ ನಿಲ್ಲುತ್ತದೆ. ಇಲ್ಲಿ ಹೆಚ್ಚಿನ ಬೈಕುಗಳಲ್ಲಿ ಆ ಜಾಗದಲ್ಲಿರುವುದು ಹಿಂದಿನ ಬ್ರೇಕ್. ಉಬ್ಬಿಗೆ ಬಡಿದು ಮೈ ಹಿಂದೆ ವಾಲಿದರೆ ಬಲ ಮಣಿಕಟ್ಟು ಜೊತೆಗೇ ತಿರುಗಿ ಆಕ್ಸಿಲರೇಟರ್ ಇನ್ನಷ್ಟು ತೆರೆಯುತ್ತದೆ. ಟಾರ್ಕ್ ಮೊದಲ ಕ್ಷಣದಿಂದಲೇ ಪೂರ್ತಿ. 6 ಕಿಲೋವ್ಯಾಟಿನಲ್ಲಿ ಇದು ಗಾಬರಿ. 60 ಕಿಲೋವ್ಯಾಟಿನಲ್ಲಿ ಆಸ್ಪತ್ರೆ. 450 ಸಿಸಿ ಮೋಟೋಕ್ರಾಸ್ ಬೈಕೇ 60 ಎಚ್‌ಪಿಯ ಒಳಗೆ ಹೊರಗೆ ಇರುವಾಗ ವಾರ್ಗ್‌ನ 80 ಎಚ್‌ಪಿ ವೃತ್ತಿಪರರ ಕೈಗೆ ಮಾತ್ರ. ಅದರಲ್ಲಿ ಪವರ್ ಇಳಿಸಿ ಮೋಡ್ ಕಟ್ಟಿಕೊಳ್ಳಬಹುದು ನಿಜ, ಆಗಲೂ 110 ಕೆಜಿ ಹಾಗೇ ಉಳಿಯುತ್ತದೆ. ಯಾವ ಬೈಕಾದರೂ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ದಾರ ಇಲ್ಲದೆ ಹೊರಡಬೇಡಿ.

7. ಬ್ಯಾಟರಿಯನ್ನು ಗುಣಿಸಿ, ಆಮೇಲೆ ಹೊತ್ತು ನೋಡಿ

ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ನಿಜವಾದ ಟ್ಯಾಂಕ್ ಗಾತ್ರ ಸಿಗುತ್ತದೆ. 60 ವೋಲ್ಟ್, 32 ಆಂಪಿಯರ್-ಅವರ್ ಎಂದರೆ 1.9 ಯೂನಿಟ್ ಕರೆಂಟು. ಶಾಕ್‌ವೇವ್‌ನ 4 ಯೂನಿಟ್ ಬ್ಯಾಟರಿಗೆ ಕಂಪನಿ ಹೇಳುವ ಪ್ರಮಾಣಿತ ಪರೀಕ್ಷೆಯ ರೇಂಜ್ 165 ಕಿ.ಮೀ., ಅಂದರೆ ಕಿಲೋಮೀಟರಿಗೆ ಸುಮಾರು 24 ವ್ಯಾಟ್-ಅವರ್. ಹುದುಲು, ಮರಳು, ಏರು ಸೇರಿದರೆ ಅದು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಅರ್ಧ ರೇಂಜ್ ಎಂದೇ ಲೆಕ್ಕ ಹಿಡಿದು ಹೊರಡಿ.

ಹಗುರ ಬೈಕಿಗೆ ಇಲ್ಲೊಂದು ಅನುಕೂಲವಿದೆ. ಹತ್ತು ಹನ್ನೆರಡು ಕೆಜಿಯ ಬ್ಯಾಟರಿಯನ್ನು ಹೊರತೆಗೆದು ಮನೆಯೊಳಗೆ ಒಯ್ಯಬಹುದು, ಮಾಮೂಲಿ 5 ಆಂಪಿಯರ್ ಸಾಕೆಟ್ಟಿಗೆ ಚುಚ್ಚಬಹುದು. ವಾರ್ಗ್‌ನ ಬ್ಯಾಟರಿಯೊಂದೇ 32 ಕೆಜಿ. ಅಂಥದ್ದಕ್ಕೆ ಬೈಕೇ ಪ್ಲಗ್ಗಿನ ಬಳಿ ಹೋಗಬೇಕು, ಜೋರು ಚಾರ್ಜರಾದರೆ 15 ಆಂಪಿಯರ್ ಲೈನೂ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನವರು ಇದನ್ನು ಸಣ್ಣ ವಿಷಯ ಎನ್ನಲಾರರು.

8. ಕಾನೂನು ಯಾವ ಬೈಕಿಗೆ ಏನು ಹೇಳುತ್ತದೆ

ಭಾರತದಲ್ಲಿ ನೋಂದಣಿ, ಲೈಸೆನ್ಸ್ ಬೇಡದ್ದು ಮೋಟಾರು 250 ವ್ಯಾಟ್ ಮೀರದ, ಗಂಟೆಗೆ 25 ಕಿ.ಮೀ. ದಾಟದ ವಾಹನಕ್ಕೆ ಮಾತ್ರ. ಲೈಟ್ ಬೀಯಂಥ "ಸಣ್ಣ" ಬೈಕೂ ಅದರಿಂದ ಎಷ್ಟೋ ಪಟ್ಟು ಮೇಲೆ. ನೋಂದಣಿ ಇಲ್ಲದ್ದನ್ನು ಸ್ವಂತ ಜಮೀನಿನಲ್ಲಿ, ಟ್ರ್ಯಾಕಿನಲ್ಲಿ ಓಡಿಸಿ, ರಸ್ತೆಗೆ ತರಬೇಡಿ. ತೋಟಕ್ಕೂ ಪೇಟೆಗೂ ಒಂದೇ ಬೈಕು ಬೇಕೆಂದರೆ ಶಾಕ್‌ವೇವ್‌ನಂಥ, ರಸ್ತೆಗೆಂದೇ ರೂಪಿಸಿದ ಭಾರದ್ದನ್ನು ಒಪ್ಪಿಕೊಳ್ಳಬೇಕು. ಎರಡೂ ಕಡೆ ಲಾಭ ಬರುವುದಿಲ್ಲ. ಇನ್ನು ಸದ್ದಿಲ್ಲವೆಂದು ಕಾಡಿಗೆ ನುಗ್ಗುವವರಿಗೆ: ಅನುಮತಿಯಿಲ್ಲದೆ ಮೀಸಲು ಅರಣ್ಯ ಹೊಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾಯ್ದೆ ಕೇಳುವುದು ಸದ್ದನ್ನಲ್ಲ.

ಕ್ಯಾಲಿಫೋರ್ನಿಯಾದ ಕನ್ನಡಿಗ ಅಪ್ಪ-ಅಮ್ಮಂದಿರೂ ಗಮನಿಸಿ: ಅಲ್ಲಿ ಇ-ಬೈಕ್ ಎನಿಸಿಕೊಳ್ಳಲು ಮೋಟಾರು 750 ವ್ಯಾಟ್ ಮೀರಬಾರದು. ಸೈಕಲ್ಲಿನಂತೆ ಕಾಣುತ್ತದೆ ಎಂದು ಮಗ ಲೈಟ್ ಬೀಯಂಥದ್ದನ್ನು ಶಾಲೆಗೆ ಒಯ್ದರೆ ಸಮಜಾಯಿಷಿ ಕೊಡಬೇಕಾದವರು ನೀವು.

9. ಮಕ್ಕಳಿಗೆ "ಮುಂದಕ್ಕೂ ಆಗುತ್ತೆ" ಎಂದು ದೊಡ್ಡದನ್ನು ತರಬೇಡಿ

ಯೂನಿಫಾರಂ ಹೊಲಿಸುವಾಗ ಆ ಜಾಣತನ ನಡೆಯುತ್ತದೆ, ಇಲ್ಲಿ ನಡೆಯದು. ಮಗುವಿನ ಎರಡೂ ಪಾದ ನೆಲಕ್ಕೆ ಊರಬೇಕು, ಬಿದ್ದದ್ದನ್ನು ತಾನೇ ಎಬ್ಬಿಸುವಂತಿರಬೇಕು, ವೇಗಕ್ಕೆ ಬೀಗ ನಿಮ್ಮ ಕೈಯಲ್ಲಿರಬೇಕು.

ಇಷ್ಟಾದರೂ ತೀರ್ಮಾನವಾಗದಿದ್ದರೆ ಹಣ ಕಟ್ಟುವ ಮೊದಲು ಒಂದು ದಿನ ಟ್ರ್ಯಾಕಿನಲ್ಲಿ ಕಳೆಯಿರಿ. ಡಕಾರ್ ರ್‍ಯಾಲಿಯನ್ನು 2015ರಲ್ಲಿ ಪೂರ್ತಿಗೊಳಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು, ಅವರು ಕಟ್ಟಿದ ಬಿಗ್ ರಾಕ್ ಆಫ್-ರೋಡ್ ತರಬೇತಿ ಕೇಂದ್ರ ಕೋಲಾರದ ಕಡೆಗಿದೆ. ಬೈಕು ಪೆಟ್ರೋಲಿನದಾದರೂ ಚಿಂತೆಯಿಲ್ಲ; ಭಾರ ಎಂದರೇನು ಎಂದು ತೋಳಿಗೆ ತಿಳಿಯುತ್ತದೆ. ನನ್ನನ್ನು ಕೇಳಿದರೆ, 80 ಕೆಜಿಯೊಳಗಿನ ಹೊಸಬರು ಕಣ್ಣುಮುಚ್ಚಿ ಹಗುರದ್ದನ್ನೇ ತೆಗೆದುಕೊಳ್ಳಿ. ಉಳಿದ ದುಡ್ಡಿಗೆ ಮೊದಲು ಒಳ್ಳೆಯ ಹೆಲ್ಮೆಟ್, ಡರ್ಟ್ ಬೂಟು, ಮಂಡಿ ಗಾರ್ಡು ತನ್ನಿ.